ಛತ್ರದ ಬಾಗಿಲು ಮತ್ತು ಡಿಸೆಂಬರ್ ಮಳೆ
(ಕ್ರಿಸ್ತ ಜಯಂತಿಯ ಪ್ರಬೋಧನೆ)



ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ತುಸು ಚಳಿ, ಮಧ್ಯಾಹ್ನ ಒಳ್ಳೆಯ ಬಿಸಿಲು. ಅಂಗಳದಲ್ಲಿ ಅಡಿಕೆ ಒಣಗುತ್ತದೆ, ಕಡಲ ದಂಡೆಯಲ್ಲಿ ಮೀನು ಒಣಗುತ್ತದೆ. ಮಾವು, ಗೇರು ಹೂ ಬಿಡಲು ತೊಡಗುತ್ತವೆ. ಮಕ್ಕಳು ಬೈಹುಲ್ಲು ತಂದು ಗೋದಲಿ ಕಟ್ಟುತ್ತಾರೆ, ಮನೆಗಳಲ್ಲಿ ಕುಸ್ವಾರ್ ಸಿದ್ಧವಾಗುತ್ತದೆ. ಈ ತಿಂಗಳಲ್ಲಿ ಯಾರೂ ಜೋರು ಮಳೆಯನ್ನು ಎದುರುನೋಡುವುದಿಲ್ಲ.

ಆದರೆ 2024ರಲ್ಲಿ ಅದು ಬಂತು. ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಅಲ್ಲಿ ಒಂದೇ ದಿನದಲ್ಲಿ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಸಿತು. ಬಲ ಕುಂದಿದ ಮೇಲೂ ಅದು ಘಟ್ಟ ದಾಟಿ ನಮ್ಮ ಕಡೆಗೆ ಬಂತು. ಡಿಸೆಂಬರ್ 3, ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬದಂದು, ದಕ್ಷಿಣ ಕನ್ನಡದ ಶಾಲೆಗಳಿಗೆ ರಜೆ ಸಾರಬೇಕಾಯಿತು. ಆ ದಿನ ನಮ್ಮ ಚಿಂತೆ ಏನಾಗಿತ್ತು? ನಕ್ಷತ್ರದ ಕಾಗದ ನೆನೆಯಿತಲ್ಲಾ, ಗೋದಲಿಯ ಕೆಲಸ ನಿಂತಿತಲ್ಲಾ ಎಂದು. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಅಡಿಕೆಗೆ ಬೂಸ್ಟು ಹಿಡಿದವರು, ದೋಣಿ ನಿಂತು ಸಂಪಾದನೆ ತಪ್ಪಿದವರು ಅಂದು ನಮ್ಮ ಪ್ರಾರ್ಥನೆಯಲ್ಲಿ ಇದ್ದರೇ?

ಇದಕ್ಕಿಂತ ದೊಡ್ಡ ನೋವು 2017ರದು. ನವೆಂಬರ್ 30ರಂದು ಓಖಿ ಚಂಡಮಾರುತ ಕನ್ಯಾಕುಮಾರಿಯ ಬಳಿ ಬಹಳ ಬೇಗನೆ ಬಲಗೊಂಡಿತು. ದಿನಗಳ ಮುಂಚೆಯೇ ಆಳಸಮುದ್ರಕ್ಕೆ ಹೋದವರಿಗೆ ಸುದ್ದಿ ಮುಟ್ಟಿಸುವ ದಾರಿಯಿರಲಿಲ್ಲ. ಕನ್ಯಾಕುಮಾರಿ, ತಿರುವನಂತಪುರ ತೀರದ ನೂರಾರು ಮೀನುಗಾರರು ಮರಳಲಿಲ್ಲ. ಅವರಲ್ಲಿ ಬಹಳ ಮಂದಿ ನಮ್ಮದೇ ಧರ್ಮಸಭೆಯ ಮಕ್ಕಳು. ಆ ವರ್ಷದ ಕ್ರಿಸ್ತ ಜಯಂತಿಯ ರಾತ್ರಿ ಅನೇಕ ಮನೆಗಳಲ್ಲಿ ತಾಯಂದಿರು ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು.

ಆದರೂ ಕೆಲವು ಬಾಗಿಲುಗಳು ಬಾಳನ್ನು ಉಳಿಸಿದವು. ಗಾಳಿಗೆ ಸಿಕ್ಕಿ ಉತ್ತರಕ್ಕೆ ಬಂದ ದೋಣಿಗಳಿಗೆ ನಮ್ಮ ಕರ್ನಾಟಕದ ಬಂದರುಗಳು, ಮಹಾರಾಷ್ಟ್ರದ ದೇವಗಡ ಬಂದರು ಆಸರೆ ಕೊಟ್ಟವು. ಗುರುತಿಲ್ಲದ ಊರು, ತಿಳಿಯದ ಭಾಷೆ. ಆದರೂ ಲಂಗರು ಹಾಕಲು ಜಾಗ ಸಿಕ್ಕಿತು.

ಪ್ರಿಯರೇ, ಸಂತ ಲೂಕರ ಶುಭಸಂದೇಶವನ್ನು ಈಗ ನೆನೆಯೋಣ. ದಿನ ತುಂಬಿದ ಮಾತೆ ಮರಿಯಳನ್ನು ಕರೆದುಕೊಂಡು ಜೋಸೆಫರು ದೂರದಿಂದ ಬಂದಿದ್ದರು. ಛತ್ರದಲ್ಲಿ ಅವರಿಗೆ ಎಡೆ ದೊರೆಯಲಿಲ್ಲ. ಛತ್ರದವರು ಕೆಟ್ಟವರೆಂದು ಲೂಕರು ಹೇಳುವುದಿಲ್ಲ. ಬಹುಶಃ ಅವರವರ ಗಡಿಬಿಡಿ ಅವರಿಗಿತ್ತು. ನಮ್ಮ ಪಾಪವೂ ಹೆಚ್ಚಾಗಿ ಇದೇ: ದ್ವೇಷವಲ್ಲ, ಗಡಿಬಿಡಿ. ಹಬ್ಬದ ಗಡಿಬಿಡಿಯಲ್ಲೇ ಹಬ್ಬದ ಒಡೆಯನನ್ನು ಹೊರಗೆ ನಿಲ್ಲಿಸಿಬಿಡುತ್ತೇವೆ.

ಅರಬ್ಬೀ ಸಮುದ್ರದ ನೀರು ಹಿಂದಿಗಿಂತ ಬಿಸಿಯಾಗಿದೆ, ಬಿಸಿ ನೀರು ಚಂಡಮಾರುತಕ್ಕೆ ಬಲ ಕೊಡುತ್ತದೆ ಎಂದು ವಿಜ್ಞಾನಿಗಳು ಎಚ್ಚರಿಸಿದ್ದಾರೆ. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿಸಿಕೊಳ್ಳಲು ಕಲಿಸಿದರು. ಅಕಾಲದ ಮಳೆ ಎಲ್ಲರ ಮೇಲೂ ಸುರಿಯುತ್ತದೆ. ಆದರೆ ತಾರಸಿ ಮನೆಯವರಿಗೆ ಅದು ಒಂದು ದಿನದ ಕಿರಿಕಿರಿ, ದಿನಗೂಲಿಯವರಿಗೆ ಒಂದು ವಾರದ ಉಪವಾಸ.

ಆದ್ದರಿಂದ ಈ ಹಬ್ಬದಲ್ಲಿ ಮೂರು ಸಣ್ಣ ನಿರ್ಧಾರ ಮಾಡೋಣ. ಹವಾಮಾನದ ಎಚ್ಚರಿಕೆ ಬಂದಾಗ ದೇವಾಲಯದ ಮೈಕಿನಲ್ಲಿ ಅದನ್ನು ಸಾರೋಣ. ಸೂರು ಸೋರುವ ಮನೆಯವರಿಗೆ, ಜಾತಿ ಮತ ಕೇಳದೆ, ನಮ್ಮ ಸಭಾಂಗಣದ ಬೀಗ ತೆಗೆಯೋಣ. ಬಂದರಿನಲ್ಲಿ ದೋಣಿಯೊಳಗೇ ಮಲಗುವ ಒಡಿಶಾ, ಜಾರ್ಖಂಡ್, ಆಂಧ್ರದ ಕೆಲಸಗಾರರಿಗೆ ಕುಸ್ವಾರಿನ ಒಂದು ತಟ್ಟೆ ಮುಟ್ಟಿಸೋಣ. ಅವರ ತಾಯಂದಿರೂ ದೂರದಲ್ಲಿ ಬಾಗಿಲು ತೆರೆದಿಟ್ಟು ಕಾಯುತ್ತಿದ್ದಾರೆ.

ನಕ್ಷತ್ರದ ಕಾಗದ ನೆನೆದರೆ ನೆನೆಯಲಿ, ಇನ್ನೊಂದು ಕಟ್ಟಬಹುದು. ಬಾಗಿಲು ಮಾತ್ರ ಮುಚ್ಚದಿರಲಿ. ಬಾಲಯೇಸು ನಿಮ್ಮೆಲ್ಲರ ಮನೆಗಳನ್ನೂ, ಕಡಲಿನಲ್ಲಿರುವ ನಿಮ್ಮವರನ್ನೂ ಆಶೀರ್ವದಿಸಲಿ. ಆಮೆನ್.