ಎಲ್ಲರಿಗೂ ಸಲ್ಲುವ ಆನಂದ



1958ರಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ಸ್ಥಾಪಿಸಿ ಹಳ್ಳಿಯ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ತೆರೆದರು. ಗ್ರಾಮೀಣ ಕಾಲೇಜಿನ ವಿನೋದಕ್ಕೆ ಹಣ ಬೇಕಿಲ್ಲ. ಕಬಡ್ಡಿ, ಯಕ್ಷಗಾನ, ವಾರ್ಷಿಕೋತ್ಸವದ ನಾಟಕಗಳೇ ಸಾಕು. ಆದರೆ ಎಲ್ಲೆಡೆಯೂ ಪರದೆ ಮೇಲೇಳುವ ಹೊತ್ತಿಗೆ ಕೊನೆಯ ಬಸ್ಸಿಗಾಗಿ ಎದ್ದು ಹೋಗುವವರು ಯಾರು? ದೂರದ ಹಳ್ಳಿಯವರು, ಅವರಲ್ಲೂ ಹೆಣ್ಣುಮಕ್ಕಳು.

ಸಂತ ಜಾನ್ ಬೋಸ್ಕೊ ವಿದ್ಯಾರ್ಥಿಯಾಗಿದ್ದಾಗಲೇ, 1832ರಲ್ಲಿ, ಇಟಲಿಯ ಕಿಯೇರಿಯಲ್ಲಿ ಗೆಳೆಯರೊಡನೆ ‘ಆನಂದ ಸಂಘ’ ಕಟ್ಟಿದರು. ಕರ್ತವ್ಯವನ್ನು ತಪ್ಪದೆ ಪಾಲಿಸಬೇಕು, ಹರ್ಷಚಿತ್ತರಾಗಿರಬೇಕು ಎಂಬುದೇ ಅದರ ನಿಯಮ.

ಚಿಕ್ಕೋಡಿ ಸೀಮೆಯ ನಮ್ಮ ಮಕ್ಕಳೂ ಕಬ್ಬಿನ ಹೊಲಗಳನ್ನು ದಾಟಿ, ಬಸ್ಸು ಹಿಡಿದು ಕಾಲೇಜಿಗೆ ಹೋಗುವವರೇ. ಉತ್ಸವಗಳನ್ನು ಹಗಲಿನಲ್ಲೇ ನಡೆಸುವಂತೆ ಕೇಳಿಕೊಳ್ಳೋಣ. ತಡವಾಗಿ ಬಂದ ಮಗಳನ್ನು ಗದರಿಸದೆ, ನಿಲ್ದಾಣಕ್ಕೆ ಹೋಗಿ ಕರೆತರೋಣ. ಎಲ್ಲರೂ ಪಾಲುಗೊಂಡ ಆನಂದವೇ ದೇವರಿಗೆ ಪ್ರಿಯವಾದುದು.