‘ಸರ್ವರ್ ಇಲ್ಲ’ ಎಂಬ ಮಾತಿನ ಹಿಂದೆ: ರೌಟರ್ ನಿಗಾದ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬ್ಯಾಂಕಿನಲ್ಲಾಗಲಿ, ನಾಡಕಚೇರಿಯಲ್ಲಾಗಲಿ, ಕೊಬ್ಬರಿ ಖರೀದಿಯ ನೋಂದಣಿ ಕೇಂದ್ರದಲ್ಲಾಗಲಿ ಕೆಲಸ ನಿಂತುಹೋದಾಗ ಕೇಳಿಬರುವ ಮಾತು ‘ಸರ್ವರ್ ಇಲ್ಲ’ ಎಂಬುದು. ಬೇರೆಬೇರೆ ಕಾರಣಗಳ ಹತ್ತಾರು ದೋಷಗಳಿಗೆ ಜನ ಇಟ್ಟುಕೊಂಡಿರುವ ಒಂದೇ ಹೆಸರು ಇದು. ಬಹಳ ಸಲ ಸರ್ವರ್, ಅಂದರೆ ಮಾಹಿತಿಯನ್ನು ಕಾಪಿಟ್ಟು ಕೇಳಿದವರಿಗೆ ಒದಗಿಸುವ ದೂರದ ಕಂಪ್ಯೂಟರ್, ಸುಸ್ಥಿತಿಯಲ್ಲೇ ಇದ್ದು, ಅಲ್ಲಿಗೆ ಹೋಗುವ ದಾರಿ ಮಾತ್ರ ಕೆಟ್ಟಿರುತ್ತದೆ. ಆ ದಾರಿಯ ಕವಲುಗಳಲ್ಲಿ ಕುಳಿತು, ಅಂಚೆಯ ವಿಂಗಡಣಾ ಕಚೇರಿಯಲ್ಲಿ ವಿಳಾಸ ಓದಿ ಕಾಗದವನ್ನು ಆಯಾ ಚೀಲಕ್ಕೆ ಹಾಕುವಂತೆ, ಪ್ಯಾಕೆಟ್ ಎಂದು ಕರೆಯಲಾಗುವ ಮಾಹಿತಿಯ ಸಣ್ಣ ಕಟ್ಟುಗಳನ್ನು ಮುಂದಿನ ದಾರಿಗೆ ಹಚ್ಚುವ ಯಂತ್ರವೇ ರೌಟರ್. ಅದು ಬದುಕಿದೆಯೇ ಎಂಬುದು ಒಂದು ಪ್ರಶ್ನೆ, ಆರೋಗ್ಯವಾಗಿದೆಯೇ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಯಿಂದ ಎರಡನೆಯದಕ್ಕೆ ಬರಲು ತಂತ್ರಜ್ಞರಿಗೆ ಹಲವು ದಶಕಗಳೇ ಹಿಡಿದವು.

ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಅರ್ಪಾನೆಟ್ ಜಾಲದ ಕವಲುಗಳಲ್ಲಿ ಇಂದಿನ ರೌಟರುಗಳ ಪೂರ್ವಜರೆನ್ನಬಹುದಾದ ಯಂತ್ರಗಳಿದ್ದವು. ಅವುಗಳನ್ನು ನಿರ್ಮಿಸಿದ ಬಿಬಿಎನ್ ಸಂಸ್ಥೆಯು ಪ್ರತಿಯೊಂದು ಯಂತ್ರವೂ ಸುಮಾರು ನಿಮಿಷಕ್ಕೊಮ್ಮೆ ತನ್ನ ಸ್ಥಿತಿಯನ್ನು ಕೇಂದ್ರಕ್ಕೆ ವರದಿ ಮಾಡುವ ವ್ಯವಸ್ಥೆಯನ್ನು ಜಾಲದ ಮೊದಲ ವರ್ಷಗಳಲ್ಲೇ ರೂಪಿಸಿತು. ವರದಿ ಬಾರದಿದ್ದರೆ ಅದೇ ಒಂದು ಸುದ್ದಿ. ಆದರೆ 1980ರ ಅಕ್ಟೋಬರ್ 27ರಂದು ನಡೆದ ಕುಸಿತವು ಈ ಏರ್ಪಾಟಿನ ಮಿತಿಯನ್ನು ತೋರಿಸಿಕೊಟ್ಟಿತು. ಕೆಟ್ಟ ಯಂತ್ರಾಂಶದಿಂದ ಕ್ರಮಸಂಖ್ಯೆ ತಪ್ಪಿದ ಮೂರು ಸಂದೇಶಗಳು, ಪ್ರತಿಯೊಂದೂ ಇನ್ನೊಂದಕ್ಕಿಂತ ಹೊಸದೆಂದು ತೋರುತ್ತ ಜಾಲದಲ್ಲೆಲ್ಲ ಸುತ್ತತೊಡಗಿ, ಯಂತ್ರಗಳಿಗೆ ಬೇರೆ ಕೆಲಸಕ್ಕೆ ಬಿಡುವೇ ಇಲ್ಲದಂತೆ ಮಾಡಿ, ಜಾಲವನ್ನು ಹಲವು ಗಂಟೆಗಳ ಕಾಲ ನಿಷ್ಕ್ರಿಯಗೊಳಿಸಿದವು. ಯಂತ್ರಗಳು ಸತ್ತಿರಲಿಲ್ಲ, ದುಡಿಯುತ್ತಲೇ ಇದ್ದವು. ಆದರೆ ಆ ದುಡಿಮೆಯಿಂದ ಯಾರಿಗೂ ಉಪಯೋಗವಿರಲಿಲ್ಲ.

ಹೊರಗಿನಿಂದಲೇ ಒಳಸ್ಥಿತಿಯನ್ನು ಊಹಿಸುವ ರೂಢಿ ಹೊಸದಲ್ಲ: ಕಲ್ಪತರು ನಾಡೆನಿಸಿದ ತಿಪಟೂರು ಸೀಮೆಯ ರೈತರು ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿಯನ್ನು ಒಡೆಯದೆಯೇ ಕಿವಿಯ ಬಳಿ ಅಲುಗಾಡಿಸಿ, ಒಳಗೆ ಗಿಟುಕು ಚಿಪ್ಪಿನಿಂದ ಬಿಟ್ಟಿದೆಯೇ ಎಂದು ಸದ್ದಿನಿಂದಲೇ ತಿಳಿಯುತ್ತಾರೆ. ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞರು 1983ರ ಡಿಸೆಂಬರಿನಲ್ಲಿ ಬರೆದ ‘ಪಿಂಗ್’ ಎಂಬ ಪುಟ್ಟ ಕ್ರಮವಿಧಿಯೂ ಇದೇ ಬಗೆಯದು: ದೂರದ ಯಂತ್ರಕ್ಕೆ ಒಂದು ಕೂಗು ಹಾಕಿ, ಮರುದನಿ ಬರಲು ಹಿಡಿದ ಕಾಲವನ್ನು ಅದು ಅಳೆಯುತ್ತದೆ. ಆದರೆ ಸದ್ದು ಬಂದ ಮಾತ್ರಕ್ಕೆ ಕೊಬ್ಬರಿಯ ದರ್ಜೆ ತಿಳಿಯುವುದಿಲ್ಲ, ಮರುದನಿ ಬಂದ ಮಾತ್ರಕ್ಕೆ ರೌಟರಿನ ಒಳಸ್ಥಿತಿಯೂ ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬಲು 1988ರಲ್ಲಿ ಎಸ್‌ಎನ್‌ಎಂಪಿ ಎಂಬ ಸಂಭಾಷಣಾ ನಿಯಮಾವಳಿ ಪ್ರಕಟವಾಯಿತು. ಅದರಿಂದಾಗಿ ಯಾವುದೇ ತಯಾರಕರ ರೌಟರಿಗೂ ಒಂದೇ ಭಾಷೆಯಲ್ಲಿ ಪ್ರಶ್ನೆ ಹಾಕಿ, ಎಷ್ಟು ಬೈಟ್ ಸಾಗಿದೆ, ಎಷ್ಟು ಪ್ಯಾಕೆಟ್ ದೋಷಪೂರಿತವಾಗಿದೆ, ಯಾವ ಸಂಪರ್ಕ ಕಡಿದಿದೆ ಎಂಬ ಉತ್ತರ ಪಡೆಯುವುದೂ, ಕೇಳದಿದ್ದರೂ ರೌಟರೇ ‘ಟ್ರ್ಯಾಪ್’ ಎಂಬ ಎಚ್ಚರಿಕೆಯನ್ನು ಕಳಿಸುವುದೂ ಸಾಧ್ಯವಾಯಿತು.

ಸ್ವಿಟ್ಜರ್ಲೆಂಡಿನ ಟೋಬಿ ಓಟಿಕರ್ ಅವರು 1990ರ ದಶಕದ ನಡುವೆ ಇಂಗ್ಲೆಂಡಿನ ಲೆಸ್ಟರ್ ನಗರದ ವಿಶ್ವವಿದ್ಯಾಲಯವೊಂದರಲ್ಲಿದ್ದಾಗ, ಅಲ್ಲಿನವರೆಲ್ಲ ಹಂಚಿಕೊಳ್ಳಬೇಕಿದ್ದ 64 ಕಿಲೋಬಿಟ್‌ನ ಒಂದೇ ಸಂಪರ್ಕದ ಬಳಕೆಯನ್ನು ಐದು ನಿಮಿಷಕ್ಕೊಮ್ಮೆ ಅಳೆದು ನಕ್ಷೆ ಬಿಡಿಸುವ ಎಂಆರ್‌ಟಿಜಿ ಎಂಬ ಸಾಧನವನ್ನು ರೂಪಿಸಿದರು. ಭಾರತದಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆ ಆರಂಭವಾದದ್ದೂ ಅದೇ ಕಾಲದಲ್ಲಿ, 1995ರ ಆಗಸ್ಟ್ 15ರಂದು. ಉಚಿತವಾಗಿ ದೊರೆತ ಆ ಸಾಧನ ಜಗತ್ತಿನ ಕಚೇರಿಗಳನ್ನೆಲ್ಲ ಹೊಕ್ಕಿತು, ಐದು ನಿಮಿಷದ ಅಂತರವೇ ರೂಢಿಯಾಯಿತು. ಆದರೆ ಆ ರೂಢಿಯಲ್ಲೊಂದು ತೊಡಕಿತ್ತು. ಹಳೆಯ ರೌಟರುಗಳ ಎಣಿಕೆ ಮಾಪಕವು 32 ಬಿಟ್‌ನದಾಗಿದ್ದು, ಸುಮಾರು 429 ಕೋಟಿ ಬೈಟ್ ಎಣಿಸಿದೊಡನೆ, ಅಂಕಿಗಳೆಲ್ಲ ತುಂಬಿದ ವಿದ್ಯುತ್ ಮೀಟರಿನಂತೆ, ಸೊನ್ನೆಗೆ ಮರಳುತ್ತಿತ್ತು. ಸೆಕೆಂಡಿಗೆ 10 ಮೆಗಾಬಿಟ್ ವೇಗದ ತುಂಬಿದ ಸಂಪರ್ಕದಲ್ಲಿ ಇದಕ್ಕೆ 57 ನಿಮಿಷ ಹಿಡಿದರೆ, 1 ಗಿಗಾಬಿಟ್ ವೇಗದಲ್ಲಿ 34 ಸೆಕೆಂಡು ಸಾಕು. ಐದು ನಿಮಿಷಕ್ಕೊಮ್ಮೆ ನೋಡುವವರಿಗೆ ಅದು ಎಷ್ಟು ಸಲ ಸುತ್ತಿತೆಂಬುದೇ ತಿಳಿಯದೆ, ತುಂಬಿ ತುಳುಕುವ ಸಂಪರ್ಕವೂ ಖಾಲಿಯಿರುವಂತೆ ಕಾಣುತ್ತಿತ್ತು. 64 ಬಿಟ್‌ನ ಮಾಪಕಗಳು ಬಂದ ಮೇಲೆ ಈ ಭ್ರಮೆ ನೀಗಿತು.

ಸರಾಸರಿಯ ಭ್ರಮೆ ಮಾತ್ರ ಉಳಿಯಿತು. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಕೊಬ್ಬರಿಯ ವಹಿವಾಟು ಈಗ ಇ-ಟೆಂಡರ್ ಮೂಲಕ ನಡೆಯುತ್ತದೆ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾಗಿ ಇಂಥ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತಂದಿತು. ಪ್ರತಿ ಲಾಟಿಗೂ ವರ್ತಕರು ನಿಗದಿತ ಸಮಯದೊಳಗೆ ದರ ನಮೂದಿಸಬೇಕಾಗಿರುವುದರಿಂದ, ಜಾಲದ ಪಾಲಿಗೆ ನಿರ್ಣಾಯಕವಾದದ್ದು ಟೆಂಡರ್ ಮುಗಿಯುವ ಮುನ್ನಿನ ಕೆಲವೇ ಕ್ಷಣ. ಆಗ ಹತ್ತು ಸೆಕೆಂಡು ದಟ್ಟಣೆಯಾಗಿ ಪ್ಯಾಕೆಟ್‌ಗಳು ಕಳೆದುಹೋದರೂ ಐದು ನಿಮಿಷದ ಸರಾಸರಿ ನಕ್ಷೆಯಲ್ಲಿ ಎಲ್ಲವೂ ಶಾಂತವಾಗಿಯೇ ಕಾಣುತ್ತದೆ, ಆದರೆ ಸಕಾಲಕ್ಕೆ ತಲುಪದ ಒಂದು ದರ ರೈತನ ಕೈಗೆ ಬರುವ ಹಣವನ್ನೇ ಬದಲಿಸಬಲ್ಲದು. ರೌಟರೇ ತನ್ನ ಸ್ಥಿತಿಯನ್ನು ಕೆಲವು ಸೆಕೆಂಡಿಗೊಮ್ಮೆ ಎಡೆಬಿಡದೆ ಕಳಿಸುತ್ತಿರುವ ‘ಟೆಲಿಮೆಟ್ರಿ’ ಎಂಬ ಇತ್ತೀಚಿನ ಪದ್ಧತಿ ಹುಟ್ಟಿದ್ದು ಇಂಥ ಕ್ಷಣಗಳನ್ನು ಹಿಡಿಯುವ ಅಗತ್ಯದಿಂದ.

ಹಳ್ಳಿಯ ಯಂತ್ರಕ್ಕೆ ಬೇರೆಯೇ ಕಷ್ಟಗಳಿವೆ: ಧೂಳು, ಬಿಸಿಲು, ಕರೆಂಟು ಹೋಗುವುದು, ರಸ್ತೆ ಅಗೆಯುವ ಜೆಸಿಬಿ. ಇದನ್ನು ಮೊದಲೇ ಅರಿತು, ಹವಾನಿಯಂತ್ರಣವಿಲ್ಲದೆ ನಡೆಯುವ ಗ್ರಾಮೀಣ ಟೆಲಿಫೋನ್ ವಿನಿಮಯ ಕೇಂದ್ರವನ್ನು ರೂಪಿಸಿದ ಸಿ-ಡಾಟ್ ಸಂಸ್ಥೆ ಅದನ್ನು 1986ರಲ್ಲಿ ಸ್ಥಾಪಿಸಿದ್ದು ಕರ್ನಾಟಕದ ಕಿತ್ತೂರಿನಲ್ಲಿ. ಮುಂದೆ ಗ್ರಾಮ ಪಂಚಾಯಿತಿಗಳಿಗೆ, ಮಾಹಿತಿಯನ್ನು ಬೆಳಕಾಗಿ ಒಯ್ಯುವ ಗಾಜಿನ ಎಳೆ ಎಳೆದ ಭಾರತ್‌ನೆಟ್ ಯೋಜನೆಗೂ ಅದೇ ಸಂಸ್ಥೆಯ ತಂತ್ರಜ್ಞಾನ ಒದಗಿತು. ಈ ಜಾಲದ ಅಂಚಿನ ಪೆಟ್ಟಿಗೆಗಳಲ್ಲಿ ‘ಕೊನೆಯುಸಿರು’ ಎನ್ನಬಹುದಾದ ಒಂದು ಸಂದೇಶದ ಏರ್ಪಾಟಿದೆ. ಕರೆಂಟು ಹೋಗಿ ಬ್ಯಾಟರಿಯೂ ಬರಿದಾದಾಗ, ಒಳಗೆ ಉಳಿದ ಅಲ್ಪ ವಿದ್ಯುತ್ತಿನಿಂದ ಪೆಟ್ಟಿಗೆಯು ತನ್ನ ಕರೆಂಟು ಹೋಯಿತೆಂದು ತಿಳಿಸಿಯೇ ಆರುತ್ತದೆ. ಆ ಸಂದೇಶ ಬಂದಿದ್ದರೆ ದೋಷ ವಿದ್ಯುತ್ತಿನದು. ಬಾರದೆ ಸಂಪರ್ಕ ಕಡಿದಿದ್ದರೆ ಎಳೆ ತುಂಡಾಗಿರುವ ಸಂಭವ ಹೆಚ್ಚು. ತುಂಡಾದ ಜಾಗವನ್ನು ಬೆಳಕಿನ ಮಿಡಿತವೊಂದನ್ನು ಕಳಿಸಿ ಕಂಡುಹಿಡಿಯಬಹುದು: ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಪ್ರತಿಫಲನ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಲ್ಲಿ ಮರಳಿದರೆ ದೋಷ ಹತ್ತು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ.

ಕೇಂದ್ರ ಸಂಪುಟವು 2023ರ ಆಗಸ್ಟಿನಲ್ಲಿ ಒಪ್ಪಿದ ಪರಿಷ್ಕೃತ ಭಾರತ್‌ನೆಟ್, ತಾಲ್ಲೂಕು ಕೇಂದ್ರ, ಗ್ರಾಮ ಪಂಚಾಯಿತಿಗಳನ್ನು ಉಂಗುರದಾಕಾರದಲ್ಲಿ ಜೋಡಿಸಿ, ಪಂಚಾಯಿತಿಯಲ್ಲೂ ರೌಟರ್ ಇಟ್ಟು, ಎಳೆಗಳ ಮೇಲೆ ದೂರದಿಂದಲೇ ನಿಗಾ ಇಡುವ ವ್ಯವಸ್ಥೆಯನ್ನು ಒಳಗೊಂಡಿದೆ. ಉಂಗುರದ ಒಂದು ಬದಿ ತುಂಡಾದರೆ ಮಾಹಿತಿ ಇನ್ನೊಂದು ಬದಿಯಿಂದ ಬರುತ್ತದೆ. ಆದರೆ ಆಗ ಬಳಕೆದಾರರಿಗೆ ತೊಂದರೆಯೇ ಕಾಣದಿರುವುದರಿಂದ ಯಾರೂ ದೂರು ಕೊಡುವುದಿಲ್ಲ. ನಿಗಾ ಕೇಂದ್ರ ನೋಡಿ ಸರಿಪಡಿಸದಿದ್ದರೆ ಇನ್ನೊಂದು ಬದಿಯೂ ತುಂಡಾದ ದಿನ ಎರಡರ ನಡುವಿನ ಊರು ಹೊರಜಗತ್ತಿನಿಂದ ಪೂರ್ತಿ ಕಡಿದುಹೋಗುತ್ತದೆ. ಆದ್ದರಿಂದ ‘ಸರ್ವರ್ ಇಲ್ಲ’ ಎಂಬ ಉತ್ತರ ಬಂದಾಗ ಜನ ಸುಮ್ಮನೆ ಮರಳದೆ, ಯಾವ ಸಂಪರ್ಕ ಕಡಿದಿದೆ, ಎಷ್ಟು ಹೊತ್ತಿನಿಂದ, ಕರೆಂಟಿಲ್ಲದೆಯೋ ಎಳೆ ತುಂಡಾಗಿಯೋ ಎಂದು ಸಂಬಂಧಪಟ್ಟವರನ್ನು ಕೇಳಬೇಕು.