ಮುಯ್ಯಿ ಅನ್ನೋದು ನಮ್ಮೂರಿನದು ಮಾತ್ರವಲ್ಲ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸಹಕಾರದ ಬಗ್ಗೆ ನಾಲ್ಕು ಮಾತಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಹಕಾರ ಎಂದ ಕೂಡಲೇ ಭಾಷಣಗಳೆಲ್ಲ ಇಂಗ್ಲೆಂಡಿನ ರಾಚ್‌ಡೇಲ್ ಊರಿನಿಂದ ಶುರುವಾಗುತ್ತವೆ. 1844ರಲ್ಲಿ ಅಲ್ಲಿನ 28 ಜನ ಸೇರಿ ಅಂಗಡಿ ತೆರೆದದ್ದು, ಆಮೇಲೆ ನಮ್ಮ ದೇಶದಲ್ಲಿ 1904ರ ಕಾಯಿದೆ ಬಂದದ್ದು, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು, ಇದೆಲ್ಲ ನೀವು ಹತ್ತು ಸಲ ಕೇಳಿದ್ದೀರಿ. ಕಾಯಿದೆ, ಬೈಲಾ, ರಸೀದಿ ಪುಸ್ತಕ ಇವು ಹುಟ್ಟುವ ಮುಂಚೆಯೂ ಜನ ಒಬ್ಬರಿಗೊಬ್ಬರು ಹೆಗಲು ಕೊಟ್ಟೇ ಬದುಕಿದ್ದರಲ್ಲ, ಆ ಪದ್ಧತಿಗಳ ಮಾತನ್ನು ಇವತ್ತು ಆಡೋಣ.

ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಅಂತ ಇತ್ತು. ಐವತ್ತು ದಾಟಿದವರಿಗೆಲ್ಲ ನೆನಪಿರಬೇಕು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಮೂರು ಆಳು ಬಂದರೆ, ನಮ್ಮ ನಾಟಿಯ ದಿನ ನಿಮ್ಮ ಮನೆಯಿಂದ ಮೂರು ಆಳು ಬರಬೇಕು. ಕೂಲಿಯ ಮಾತೇ ಇಲ್ಲ. ಮಧ್ಯಾಹ್ನಕ್ಕೆ ಮುದ್ದೆ, ಸಾರು. ಅನುಕೂಲ ಇದ್ದವರು ಒಂದಿಷ್ಟು ಪಾಯಸ. ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ. ಆದರೆ ಯಾರ ಮನೆಯಿಂದ ಎಷ್ಟು ಆಳು ಬಾಕಿ ಅನ್ನೋದು ಊರಿನ ಹೆಂಗಸರಿಗೆಲ್ಲ ಬಾಯಿಪಾಠ. ಪುಸ್ತಕ ಅಂತ ಇದ್ದದ್ದು ಮದುವೆ ಮನೆಯಲ್ಲಿ ಮಾತ್ರ. ಅಕ್ಷರ ಚೆನ್ನಾಗಿರುವ ಒಬ್ಬರು ಚಪ್ಪರದ ಕೆಳಗೆ ಕೂತು, ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಬರೆಯುವುದು ಈಗಲೂ ಉಂಟು. ಆ ಪುಸ್ತಕ ಪೆಟ್ಟಿಗೆಯಲ್ಲಿ ಜೋಪಾನವಾಗಿರುತ್ತೆ. ಎದುರು ಮನೆಯ ಮದುವೆ ಬಂದಾಗ ಅದನ್ನು ತೆಗೆದು ನೋಡಿ, ಅವರು ಹಾಕಿದ್ದಕ್ಕೆ ಒಂದಿಷ್ಟು ಸೇರಿಸಿಯೇ ಹಾಕುತ್ತಾರೆ.

ಇದು ನಮ್ಮ ನಾಡಿಗೇ ವಿಶೇಷ ಅಂತ ಬಹಳ ಜನ ತಿಳಿದಿದ್ದಾರೆ. ನಾವೇನೂ ದೇಶ ಸುತ್ತಿ ಬಂದವರಲ್ಲ, ಓದಿ ತಿಳಿದದ್ದನ್ನೇ ಹೇಳುತ್ತೇವೆ. ಜಪಾನಿನ ಗಿಫು ಪ್ರಾಂತ್ಯದಲ್ಲಿ ಬೆಟ್ಟಗಳ ನಡುವೆ ಶಿರಕಾವ ಎಂಬ ಊರಿದೆ. ಚಳಿಗಾಲದಲ್ಲಿ ಅಲ್ಲಿ ಆಳುದ್ದ ಹಿಮ ಬೀಳುತ್ತೆ. ಹಿಮ ಜಾರಿ ಹೋಗಲಿ ಅಂತ ಮನೆಗಳ ಹುಲ್ಲಿನ ಮಾಡನ್ನು ಬಹಳ ಕಡಿದಾಗಿ, ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದ ಹಾಗೆ ಕಟ್ಟುತ್ತಾರೆ. ಆ ಹುಲ್ಲು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬದಲಾಗಬೇಕು. ಒಂದು ಸಂಸಾರದ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಊರಿನ ನೂರಕ್ಕೂ ಮಿಕ್ಕಿ ಜನ ಒಟ್ಟಿಗೆ ಮಾಡಿನ ಮೇಲೆ ಹತ್ತಿ ಒಂದೆರಡು ದಿನದಲ್ಲಿ ಮುಗಿಸುತ್ತಾರೆ. ಈ ಪದ್ಧತಿಗೆ ಅವರು ಇಡುವ ಹೆಸರು 'ಯುಯಿ'. ನಮ್ಮ ಮುಯ್ಯಿಗೂ ಅವರ ಯುಯಿಗೂ ಒಂದೇ ಅಕ್ಷರದ ಅಂತರ! ಎರಡು ಭಾಷೆಗೂ ಸಂಬಂಧವಿಲ್ಲ, ಕಿವಿಗೆ ಹಾಗೆ ಕೇಳುತ್ತೆ ಅಷ್ಟೇ. ಆದರೆ ಕೆಲಸ ಮಾತ್ರ ಒಂದೇ. ನಾಟಿಗೂ ಕಟಾವಿಗೂ ಅವರಲ್ಲಿ ಇದೇ ಯುಯಿ. ಯಾರು ಎಷ್ಟು ಆಳು ಕೊಟ್ಟರು, ಎಷ್ಟು ಹುಲ್ಲು ತಂದರು ಅಂತ ಬರೆದಿಡುವ ಪುಸ್ತಕವೂ ಇತ್ತು, ಥೇಟ್ ನಮ್ಮ ಮುಯ್ಯಿ ಪುಸ್ತಕದ ಹಾಗೆ. ಇವತ್ತು ಕೊಟ್ಟ ಆಳು ಮಗನ ಕಾಲಕ್ಕೆ ವಾಪಸು ಬರಬಹುದು. ಕೊಟ್ಟವರಿಗೆ ಅದರ ಬಗ್ಗೆ ಅನುಮಾನವಿಲ್ಲ.

ಪಟ್ಟಣ ಸೇರುವ ಜನ, ಅಣೆಕಟ್ಟು, ರಸ್ತೆ ಇವೆಲ್ಲ ಅಲ್ಲಿಗೂ ಬಂದವು. ಹಳೆ ಮನೆಗಳು ಒಂದೊಂದಾಗಿ ಹೋಗತೊಡಗಿದಾಗ, 1971ರಲ್ಲಿ ಅಲ್ಲಿನ ಓಗಿಮಾಚಿ ಎಂಬ ಹಳ್ಳಿಯವರು ಸೇರಿ ಮೂರು ಮಾತಿಗೆ ಕಟ್ಟುಬಿದ್ದರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. 1995ರಲ್ಲಿ ಯುನೆಸ್ಕೋ ಆ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಮಾಡು ಹೊದಿಸಲು ಸಂಬಳದ ಕೆಲಸಗಾರರೂ ಹೊರಗಿನ ಸ್ವಯಂಸೇವಕರೂ ಬರುತ್ತಾರೆ. ಯುಯಿ ಮೊದಲಿನಷ್ಟು ಇಲ್ಲ, ಪೂರ್ತಿ ಹೋಗಿಯೂ ಇಲ್ಲ.

ಇನ್ನೊಂದು ಊರಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಕುಸ್ಕೊ ಸೀಮೆಯ ಎತ್ತರದ ಬೆಟ್ಟಗಳಲ್ಲಿ ಅಪುರಿಮಾಕ್ ಎಂಬ ನದಿ ಹರಿಯುತ್ತೆ. ಅದರ ಮೇಲೆ ಕೆಸ್ವಚಾಕ ಅಂತ ಒಂದು ತೂಗು ಸೇತುವೆ. ಉದ್ದ ಸುಮಾರು 28 ಮೀಟರ್. ಕಬ್ಬಿಣವಿಲ್ಲ, ಸಿಮೆಂಟಿಲ್ಲ, ಎಲ್ಲಾ ಹುಲ್ಲಿನ ಹಗ್ಗ. ಇಂಕಾ ಅರಸರ ಕಾಲದಿಂದ, ಅಂದರೆ ಐದುನೂರು ವರ್ಷಕ್ಕೂ ಹಿಂದಿನಿಂದ ನಡೆದು ಬಂದದ್ದು. ಹುಲ್ಲಿನ ಹಗ್ಗ ಎಷ್ಟು ದಿನ ತಡೆದೀತು? ಅದಕ್ಕೇ ಪ್ರತಿ ವರ್ಷ ಜೂನ್ ತಿಂಗಳಲ್ಲಿ ನದಿಯ ಆಚೆ ಈಚೆಯ ನಾಲ್ಕು ಹಳ್ಳಿಗಳವರು ಸೇರಿ ಹಳೆಯದನ್ನು ಕಡಿದು ನದಿಗೆ ಬಿಟ್ಟು ಹೊಸದನ್ನು ಕಟ್ಟುತ್ತಾರೆ. ಮನೆಗೆ ಇಷ್ಟು ಅಂತ ಹೊಸೆದ ಹಗ್ಗ ತರಬೇಕು. ಹುಲ್ಲನ್ನು ಜಜ್ಜಿ, ನೆನೆಸಿ, ತೆಳು ಹಗ್ಗ ಹೊಸೆಯುವುದರಲ್ಲಿ ಹೆಂಗಸರ ಕೈ ಮುಂದು. ಅದನ್ನು ಗಂಡಸರು ಸೇರಿಸಿ ಸೇರಿಸಿ ತೊಡೆಗಾತ್ರದ ಹಗ್ಗ ಮಾಡುತ್ತಾರೆ. ನಾಲ್ಕು ಹಗ್ಗ ಕಾಲಿಗೆ, ಎರಡು ಕೈಗೆ. ಮೊದಲು ಭೂಮಿತಾಯಿಗೆ ಪೂಜೆ, ಮೂರು ದಿನ ಕೆಲಸ, ನಾಲ್ಕನೆಯ ದಿನ ಊಟ, ಹಾಡು, ಕುಣಿತ. ಸೇತುವೆ ಹೆಣೆಯುವ ವಿದ್ಯೆ ತಂದೆಯಿಂದ ಮಗನಿಗೆ ಬಂದದ್ದು. 2013ರಲ್ಲಿ ಯುನೆಸ್ಕೋ ಇದನ್ನೂ ತನ್ನ ಪಟ್ಟಿಗೆ ಸೇರಿಸಿತು.

ಹತ್ತಿರದಲ್ಲೇ ಮೋಟಾರು ಹೋಗುವ ಗಟ್ಟಿ ಸೇತುವೆ ಇದೆ. ದಾಟಲೇಬೇಕು ಅನ್ನೋ ದರ್ದು ಇವರಿಗಿಲ್ಲ. ಆದರೂ ವರ್ಷ ವರ್ಷ ಕಟ್ಟುತ್ತಾರೆ. 2020ರಲ್ಲಿ ಕೊರೊನಾ ಬಂತಲ್ಲ, ಆ ವರ್ಷ ಜನ ಸೇರುವ ಹಾಗಿರಲಿಲ್ಲ, ಕಟ್ಟಲಿಲ್ಲ. 2021ರ ಮಾರ್ಚಿಯಲ್ಲಿ ಸೇತುವೆ ಹರಿದು ನದಿಗೆ ಬಿತ್ತು. ನೂರಾರು ವರ್ಷದಿಂದ ನಡೆದು ಬಂದದ್ದು ಒಂದೇ ಒಂದು ಜೂನ್ ತಪ್ಪಿದ್ದಕ್ಕೆ ಹೋಯಿತು. ಆ ವರ್ಷದ ಜೂನಿನಲ್ಲೇ ಮತ್ತೆ ಕಟ್ಟಿದರು, ಅದು ಬೇರೆ ಮಾತು.

ಇಂಥದೇ ಒಂದು ಪದ್ಧತಿ ಹಾದಿ ತಪ್ಪಿದ ಕಥೆಯೂ ಇದೆ. ಆಫ್ರಿಕಾದ ಕೀನ್ಯಾ ದೇಶದಲ್ಲಿ ಅದಕ್ಕೆ 'ಹರಾಂಬೆ' ಅಂತಾರೆ. ಎಲ್ಲರೂ ಕೂಡಿ ಎಳೆಯೋಣ ಅಂತ ಅರ್ಥ. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಜೋಮೊ ಕೆನ್ಯಾಟಾ ಅದನ್ನೇ ದೇಶದ ಮಂತ್ರ ಮಾಡಿದರು. ಜನ ದುಡ್ಡು, ದುಡಿಮೆ ಹಾಕಿ ಎಷ್ಟೋ ಶಾಲೆ ಕಟ್ಟಿದರು. ಬರಬರುತ್ತಾ ರಾಜಕಾರಣಿಗಳು ವೇದಿಕೆ ಹತ್ತಿ ದೊಡ್ಡ ಮೊತ್ತ ಸಾರುವುದು, ಅಧಿಕಾರದಲ್ಲಿರುವವರು ಜನರ ಕೈಯಿಂದ ಬಲವಂತವಾಗಿ ವಸೂಲಿ ಮಾಡುವುದು ಶುರುವಾಯಿತು. ಕೊನೆಗೆ ಸರ್ಕಾರಿ ಹುದ್ದೆಯಲ್ಲಿರುವವರು ಹುದ್ದೆಯ ಬಲದಿಂದ ಹರಾಂಬೆ ಎತ್ತಬಾರದು ಅಂತ 2003ರಲ್ಲಿ ಕಾನೂನೇ ಮಾಡಬೇಕಾಯಿತು.

ನಮ್ಮಲ್ಲಿ ಮುಯ್ಯಾಳು ಹೋದದ್ದು ಜನ ಕೆಟ್ಟರು ಅಂತಲ್ಲ. ಹಾಗೆ ಬೈಯುವುದು ಸುಲಭ. ಕೆರೆಯ ತೂಬು ಎತ್ತಿದರೆ ಎಲ್ಲರ ಗದ್ದೆಗೂ ಒಂದೇ ಕಾಲಕ್ಕೆ ನೀರು, ಒಂದೇ ಕಾಲಕ್ಕೆ ನಾಟಿ. ಒಬ್ಬರಿಗೊಬ್ಬರು ಬೇಕೇ ಬೇಕಿತ್ತು. ಬೋರ್‌ವೆಲ್ ಬಂದ ಮೇಲೆ ಅವರವರ ನೀರು, ಅವರವರ ಬೆಳೆ, ಅವರವರ ಕಾಲ. ಈಗ ನಾಟಿ ಯಂತ್ರ ಬಂದಿದೆ. ಮಕ್ಕಳು ಬೆಂಗಳೂರಲ್ಲಿದ್ದಾರೆ. ಮುಯ್ಯಾಳು ಮತ್ತೆ ಬರಲಿ ಅಂತ ಕೂತರೆ ಬರೋದಿಲ್ಲ.

ಅದನ್ನು ಚಿನ್ನದ ಕಾಲ ಅಂತ ಹೊಗಳುವುದಕ್ಕೂ ನಮಗೆ ಮನಸ್ಸಿಲ್ಲ. ಮುಯ್ಯಿ ನಡೆಯುತ್ತಿದ್ದುದು ಗದ್ದೆ ಇದ್ದವರ ನಡುವೆ. ಗದ್ದೆಯೇ ಇಲ್ಲದವರಿಗೆ ಯಾರು ಮುಯ್ಯಿ ತೀರಿಸಬೇಕು? ಅವರು ಕೂಲಿಗೆ ಬಂದರು, ಕೆಲವರು ಜೀತಕ್ಕೆ ಇದ್ದರು. ಕೇರಿಯ ಗೆರೆ ದಾಟಿ ಮುಯ್ಯಿ ಹೋಗುತ್ತಿರಲಿಲ್ಲ, ಊಟದ ಪಂಕ್ತಿಯಂತೂ ದೂರದ ಮಾತು. ಇಲ್ಲಿ ಸಂಘದ ಕೆಲಸ ದೊಡ್ಡದು. ಎರಡು ಎಕರೆಯವರಿಗೂ ಇಪ್ಪತ್ತು ಎಕರೆಯವರಿಗೂ ಒಂದೇ ಓಟು. ಹಸು ಒಂದೇ ಇರುವ ಮನೆಯ ಅಕ್ಕನೂ ಇವತ್ತು ಷೇರುದಾರಳಾಗಿ ಇದೇ ಚಾಪೆಯ ಮೇಲೆ ಕೂತಿದ್ದಾಳೆ. ಹಳೆಯ ಪದ್ಧತಿಯಲ್ಲಿ ಇಲ್ಲದಿದ್ದುದು ಇದು.

ಆದರೆ ಹಳೆಯದರಲ್ಲಿ ಇದ್ದುದೊಂದು ಇಲ್ಲಿ ಸಡಿಲವಾಗುತ್ತಿದೆ. ಮುಯ್ಯಾಳು ಬಾಕಿ ಇಟ್ಟುಕೊಂಡವನು ಊರಲ್ಲಿ ತಲೆ ಎತ್ತಿ ಓಡಾಡುತ್ತಿರಲಿಲ್ಲ. ಈಗ ಸಂಘದ ಪುಸ್ತಕದಲ್ಲಿ ಎಲ್ಲವೂ ಅಕ್ಷರ ಸಹಿತ ಇದೆ, ಆಡಿಟ್ ಇದೆ, ನೋಟೀಸು ಇದೆ. ಆದರೂ ವಾಯಿದೆ ಮೀರಿದ ಸಾಲ ಬೆಳೆಯುತ್ತಿದೆ. ಬೆಳೆ ಹೋದವರ ಮಾತು ಬೇರೆ, ಅವರಿಗೆ ಕಾಲಾವಕಾಶ ಕೊಡಲೇಬೇಕು. ಕೈಯಲ್ಲಿದ್ದೂ ಮನ್ನಾ ಆದೀತು ಅಂತ ಕಾಯುವವರ ಮಾತು ನಾವು ಆಡುತ್ತಿರುವುದು. ಇಲ್ಲಿ ವಸೂಲಾತಿ ಇಳಿದರೆ ಜಿಲ್ಲಾ ಬ್ಯಾಂಕಿನಿಂದ ಬರುವ ಹಣವೂ ಇಳಿಯುತ್ತೆ. ಆಗ ಏಟು ಬೀಳುವುದು ಸುಸ್ತಿದಾರರಿಗಲ್ಲ, ಕರಾರುವಾಕ್ಕಾಗಿ ಕಟ್ಟಿ ಮುಂದಿನ ಬೆಳೆಗೆ ಸಾಲ ಕೇಳಲು ಬಂದ ಪಕ್ಕದ ಮನೆಯವರಿಗೆ. ಸರ್ವ ಸದಸ್ಯರ ಸಭೆಯೂ ಹಾಗೇ. ಕಳೆದ ಸಲ ಕೋರಂ ಇಲ್ಲದೆ ಅರ್ಧ ಗಂಟೆ ಮುಂದೂಡಿ, ಇದ್ದಷ್ಟು ಜನರಲ್ಲೇ ಮುಗಿಸಬೇಕಾಯಿತು. ಇವತ್ತು ಇಷ್ಟು ಜನ ಸೇರಿದ್ದೀರಿ, ಸಂತೋಷ. ಊಟ ಇದೆ ಅಂತ ಬಂದವರೂ ಇರಬಹುದು, ತಪ್ಪೇನಿಲ್ಲ. ಕೆಸ್ವಚಾಕದಲ್ಲೂ ನಾಲ್ಕನೆಯ ದಿನ ಊಟವೇ. ಮೊದಲಿನ ಮೂರು ದಿನಕ್ಕೆ ಸಮಾನವಾದದ್ದು ನಮಗೆ ಸೆಪ್ಟೆಂಬರಿನ ವಾರ್ಷಿಕ ಸಭೆ. ಅದರ ನೋಟೀಸು ಮನೆ ಮನೆಗೂ ಬರುತ್ತೆ, ಡೇರಿಯ ಗೋಡೆಗೂ ಅಂಟಿಸುತ್ತಾರೆ.

ಅಡುಗೆಯವರು ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದರು.